ಮಳೆಯಲ್ಲಿ ಜಾರದ ಟೈರು

ನನ್ನ ಬಾಮೈದ ತನ್ನ ಸ್ಪೋರ್ಟ್ಸ್ ಕಾರಿಗೆ ಹೊಸ ಟೈರು ಆರಿಸಲು ಒಂದು ತಿಂಗಳು ಮೊಬೈಲಿನಲ್ಲಿ ವಿಡಿಯೊ ನೋಡಿದ. ಓಡಿಸುವುದೋ, ವಿಜಯನಗರದಿಂದ ಚಂದ್ರಾ ಲೇಔಟಿನ ದರ್ಶಿನಿಗೆ. ಕಾಮಾಕ್ಷಿಪಾಳ್ಯದಲ್ಲಿ ಮೂವತ್ತು ವರ್ಷದಿಂದ ಟೈರು ಬಿಚ್ಚುತ್ತಿದ್ದ ಅಂಗಡಿಯವರಿಗೇ ಪಾಠ ಹೇಳಿದ: "ಮಳೇಲಿ ಜಾರಬಾರ್ದು ಸಾರ್, ಅದೇ ಮುಖ್ಯ." ಅವರು ಆಕಳಿಸಿದರು. ಟೈರು ಹಾಕಿಸಿ ಕಾರನ್ನು ಮನೆಗೆ ತಂದು ನಾಲ್ಕಕ್ಕೂ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ.

ಮರುದಿನ ಮಳೆ ಬಂತು. ಕೆಂಗೇರಿಗೆ ಹೊರಟಿದ್ದ ನನ್ನ ಸ್ಕೂಟರಿನ ಮುಂದೆ ರೇನ್‌ಕೋಟ್ ತೊಟ್ಟು ನಿಂತ. "ಭಾವ, ನನ್ನನ್ನೂ ದರ್ಶಿನಿ ಹತ್ರ ಬಿಡ್ತೀರಾ? ಕಾರು ತೆಗೆದ್ರೆ ಕುಂಕುಮ ತೊಳ್ದು ಹೋಗತ್ತೆ."

ಅಷ್ಟಕ್ಕೇ ಸುಮ್ಮನಾಗಲಿಲ್ಲ ಪುಣ್ಯಾತ್ಮ. ಗಾಳಿ ಅಳೆಯುವ ಡಿಜಿಟಲ್ ಮೀಟರನ್ನು ಜೇಬಿನಿಂದ ತೆಗೆದು ನನ್ನ ಹಿಂದಿನ ಚಕ್ರಕ್ಕೆ ಒತ್ತಿದ.

"ಗಾಳಿ ಕಮ್ಮಿ ಇದೆ ಭಾವ, ಟೈರೂ ಸವೆದಿದೆ. ಹುಷಾರು, ಮಳೇಲಿ ಜಾರತ್ತೆ."