ಮೇಲಿನ ಮನೆಯಲ್ಲಿ ಯಾರೂ ಇಲ್ಲ

ಜಿಪ್ಪಕ್ಕನಿಗೆ ಎರಡು ಕಸುಬು. ಒಂದು, ಬ್ಯಾಗು ಸೂಟ್‌ಕೇಸುಗಳ ಕೆಟ್ಟ ಜಿಪ್ಪು ಸರಿಮಾಡುವುದು. ಇನ್ನೊಂದು, ಅನುಮಾನ ಪಡುವುದು. ಮೊದಲನೆಯದರಿಂದ ಹೊಟ್ಟೆ ತುಂಬುತ್ತಿತ್ತು, ಎರಡನೆಯದರಿಂದ ತಲೆ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದುಕೊಳ್ಳುವಳು. ನಗದಿದ್ದರೆ ಎಲ್ಲೋ ಸಿಕ್ಕಿಬಿದ್ದಿದ್ದಾನೆ ಎಂದುಕೊಳ್ಳುವಳು. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಕೊಟ್ಟರೆ ಕೂರುವ ಮೊದಲು ಸೀಟಿನ ಮೇಲೆ ಕೈಯಾಡಿಸಿ ನೋಡುವಳು. ಪುಣ್ಯಕ್ಕೆ ಮದುವೆಯಾಗಲಿಲ್ಲ. ಆಗಿದ್ದರೆ ಆ ಗಂಡನ ಗತಿ ಏನಾಗುತ್ತಿತ್ತೋ!

ಅವಳಿದ್ದದ್ದು ಬಡವರಿಗೆಂದು ವಸತಿ ಮಂಡಳಿ ಕಟ್ಟಿಸಿದ ಬಾಡಿಗೆ ಕಟ್ಟಡದ ತುದಿ ಮಹಡಿಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಹಾಕಲು ಮೊಳದಗಲದ ಬಾಲ್ಕನಿ. ಬಾಡಿಗೆ ಕಡಿಮೆ, ಷರತ್ತು ಜಾಸ್ತಿ. ಮನೆ ಅವಳಮ್ಮನ ಹೆಸರಿನಲ್ಲಿತ್ತು. ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರ ಪೆಟ್ಟಿಗೆ ಇಟ್ಟುಕೊಂಡು ಕೂರುವಳು. ಮಧ್ಯಾಹ್ನ ಊಟಕ್ಕೆ ಬಂದವಳು ಉಳಿದ ಕೆಲಸವನ್ನು ಮನೆಯಲ್ಲೇ ಮಾಡುವಳು. ಜಿಪ್ಪಿನ ಮೇಲೆ ಹಿಂದೆ ಮುಂದೆ ಓಡುವ ರನ್ನರು ಸಡಿಲವಾಗಿದ್ದರೆ ಅದನ್ನು ಕಬ್ಬಿಣದ ತುಂಡಿನ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು ಬಡಿದು ಬಿಗಿ ಮಾಡಬೇಕು. ಆ ಸದ್ದಿಗೆ ಕೆಳಗಿನ ಮನೆಯಿಂದ ಪ್ರತ್ಯುತ್ತರ ಬರುತ್ತಿತ್ತು. ಅಲ್ಲಿದ್ದವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿ ಮಾಡುವ ಹೆಂಗಸು, ಹಗಲು ಮಲಗುವವಳು. ನೆಲ ಒರೆಸುವ ಕೋಲು ಎತ್ತಿ ತನ್ನ ಮನೆಯ ಸೂರಿಗೆ ಧಡ್ ಧಡ್ ಎಂದು ಕುಟ್ಟುವಳು. ಇವಳು ಇನ್ನೆರಡು ಏಟು ಜೋರಾಗಿಯೇ ಹೊಡೆಯುವಳು. ವರ್ಷಾನುಗಟ್ಟಲೆ ಇಬ್ಬರ ನಡುವೆ ಇದ್ದ ಮಾತುಕತೆ ಇಷ್ಟೇ.

ಜಿಪ್ಪಕ್ಕ ಹುಟ್ಟುತ್ತಲೇ ಹೀಗಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಬೇರೊಂದು ಬಡಾವಣೆಯ ಮಂಡಳಿ ಮನೆಯಲ್ಲಿದ್ದರು. ಒಂದು ದಿನ ಒಬ್ಬ ಬಂದ. ಬಲು ಸಂಭಾವಿತ. ಚಪ್ಪಲಿ ಹೊರಗೆ ಬಿಟ್ಟು ಬಂದು, ನೀರು ಕೇಳಿ ಕುಡಿದು, 'ಮನೆ ಚೆನ್ನಾಗಿಟ್ಟುಕೊಂಡಿದ್ದೀರಮ್ಮ, ಯಾರ್ಯಾರು ಇರ್ತೀರಿ?' ಎಂದ. ಅಮ್ಮ ಹಿಗ್ಗಿ ಹೀರೇಕಾಯಿಯಾಗಿ ಎಲ್ಲ ಹೇಳಿದಳು. ಕೆಲಸ ಕಳೆದುಕೊಂಡ ತಮ್ಮನೂ ಅವನ ಹೆಂಡತಿ ಮಕ್ಕಳೂ ಒಳಕೋಣೆಯಲ್ಲಿದ್ದಾರೆ ಎನ್ನುವುದನ್ನೂ ಹೇಳಿದಳು. ಬಂದವನು ಮಂಡಳಿಯವನು. ಅಪ್ಪಣೆಯಿಲ್ಲದೆ ಹೊರಗಿನವರನ್ನು ಇಟ್ಟುಕೊಂಡಿದ್ದೀರಿ ಎಂದು ಮಂಡಳಿ ಮನೆ ಕಿತ್ತುಕೊಂಡಿತು. ಪಾತ್ರೆ, ಹಾಸಿಗೆ, ಅವಳ ಶಾಲೆಯ ಚೀಲ ಎಲ್ಲ ಬೀದಿಯಲ್ಲಿ ಬಿದ್ದದ್ದನ್ನು ಜಿಪ್ಪಕ್ಕ ಎಂದೂ ಮರೆಯಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವಳು ಮರೆಯದಿದ್ದದ್ದು ಆ ಮನುಷ್ಯನ ಮೆದು ಮಾತು. ಬಯ್ಯುವವರನ್ನಾದರೂ ನಂಬಬಹುದು, ನೀರು ಕೇಳುವವರನ್ನು ನಂಬಬಾರದು ಎಂದು ಅವಳು ಅವತ್ತೇ ತೀರ್ಮಾನಿಸಿದಳು.

ಈ ಮನೆ ಸಿಕ್ಕಿದ್ದು ಅಮ್ಮ ಮಗಳು ಎಷ್ಟೋ ವರ್ಷ ಅವರಿವರ ಜಗುಲಿಯಲ್ಲಿ ಕಳೆದ ಮೇಲೆ. ಸಿಕ್ಕ ಮೇಲೆ ಜಿಪ್ಪಕ್ಕ ಇಡೀ ಕಟ್ಟಡಕ್ಕೆ ಪಾಠ ಶುರುಮಾಡಿದಳು. ಗುರುತಿಲ್ಲದವರು ಬಂದು ಯಾವ ಮನೆಯ ಬಗ್ಗೆ ಏನು ಕೇಳಿದರೂ ಉತ್ತರ ಮೂರೇ: ಗೊತ್ತಿಲ್ಲ, ನೋಡಿಲ್ಲ, ಅಲ್ಲಿ ಯಾರೂ ಇಲ್ಲ. ನಲ್ಲಿಯಲ್ಲಿ ನೀರು ಹಿಡಿಯುವಾಗ, ಮೆಟ್ಟಿಲು ಹತ್ತುವಾಗ ಅದೇ ಮಾತು. ಮೊದಮೊದಲು ಜನ ನಕ್ಕರು. ಆಮೇಲೆ ಮೊದಲ ಮಹಡಿಯ ಡ್ರೈವರ್ ಮಾವ, ನಿವೃತ್ತ ಬಸ್ ಚಾಲಕ, ಅಣ್ಣನ ಮಗನನ್ನು ಸದ್ದಿಲ್ಲದೆ ಮನೆಯಲ್ಲಿಟ್ಟುಕೊಂಡಿದ್ದಾಗ ಯಾರೋ ಬಂದು ವಿಚಾರಿಸಿದರು. ಮೂರು ಉತ್ತರ ಕೇಳಿ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿದರು. ಅಂದಿನಿಂದ ಜಿಪ್ಪಕ್ಕನ ಮಾತು ಆ ಕಟ್ಟಡಕ್ಕೆ ವೇದವಾಯಿತು. ಅಂಚೆಯವನಿಗೂ ಅಲ್ಲಿ ಯಾರ ಮನೆ ಯಾವುದೆಂದು ನೆಟ್ಟಗೆ ತಿಳಿಯುತ್ತಿರಲಿಲ್ಲ ಎಂದರೆ ನೋಡಿ.

ಅಮ್ಮ ಕೆಮ್ಮಿ ಕೆಮ್ಮಿ ಸೊರಗಿ ಕೊನೆಗೆ ತೀರಿಕೊಂಡಳು. ಜೊತೆಗೇ ವಾಸವಾಗಿದ್ದ ಮಗಳಿಗೆ ಅದೇ ಮನೆಯನ್ನು ಮಾಡಿಕೊಡುವ ನಿಯಮವಿತ್ತು. ಜಿಪ್ಪಕ್ಕ ಅರ್ಜಿ ಹಾಕಿದಳು. ಮಂಡಳಿಯಿಂದ ತಪಾಸಣೆಗೆ ಬರುತ್ತಾರೆ ಎಂದರು. ಬರಲಿ, ಜೀಪಿನ ಸದ್ದು ಕೇಳಿದರೆ ಬಾಗಿಲು ತೆಗೆದರಾಯಿತು ಎಂದು ಕಾದಳು.

ಜೀಪು ಬರಲಿಲ್ಲ. ಒಂದು ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ಜಿಪ್ಪಕ್ಕ ಸುತ್ತಿಗೆ ಕೆಳಗಿಟ್ಟು, ಬಾಗಿಲ ಸಂದಿಗೆ ಕಣ್ಣಿಟ್ಟಳು. ಸಣಕಲು ಹೆಂಗಸು. ಹೆಗಲಲ್ಲಿ ಬ್ಯಾಗು. ಬ್ಯಾಗಿನ ಜಿಪ್ಪು ಹೋಗಿ ಬಾಯಿಗೆ ಪಿನ್ನು ಚುಚ್ಚಿಕೊಂಡಿದ್ದಾಳೆ. 'ಅಮ್ಮಾ, ಒಂಚೂರು ನೀರು ಕೊಡ್ತೀರಾ?' ಎಂದಳು ಹೊರಗಿನವಳು. ನೀರು! ಜಿಪ್ಪಕ್ಕ ಚಿಲಕ ಭದ್ರವಾಗಿದೆಯೇ ಎಂದು ಮುಟ್ಟಿ ನೋಡಿದಳು. ಉಸಿರು ಬಿಗಿಹಿಡಿದು ನಿಂತಳು. ಆ ಜಿಪ್ಪನ್ನು ಸರಿಮಾಡಲು ಮಾತ್ರ ಅವಳ ಬೆರಳು ತುರಿಸುತ್ತಿತ್ತು. ಹೆಂಗಸು ಮತ್ತೆರಡು ಸಲ ಬಂದಳು, ಎರಡು ಸಲವೂ ಬಾಗಿಲು ತೆರೆಯಲಿಲ್ಲ.

ಆಮೇಲೆ ಮಂಡಳಿಯ ನೋಟಿಸು ಬಂತು. ಮನೆಯಲ್ಲಿ ಯಾರೂ ವಾಸವಿಲ್ಲವೆಂದು ತಪಾಸಣೆಯಲ್ಲಿ ಕಂಡುಬಂದಿದೆ, ಅಕ್ಕಪಕ್ಕದವರೂ ಹಾಗೆಯೇ ಹೇಳಿದ್ದಾರೆ, ಆದ್ದರಿಂದ ಮನೆಯನ್ನು ಬೇರೆಯವರಿಗೆ ಕೊಡಲಾಗುವುದು.

'ಅಕ್ಕಪಕ್ಕದವರು' ಎಂಬ ಮಾತನ್ನು ಜಿಪ್ಪಕ್ಕ ಮತ್ತೆ ಮತ್ತೆ ಓದಿದಳು. ಯಾರು? ಯೋಚಿಸುವ ಕಷ್ಟವೇ ಇರಲಿಲ್ಲ. ಲಾಂಡ್ರಿಯವಳಿಗೆ ಒಬ್ಬ ತಂಗಿ ಇದ್ದಾಳೆ, ಮನೆ ಹುಡುಕುತ್ತಿದ್ದಾಳೆ. ಹೋದ ತಿಂಗಳಷ್ಟೇ ಅಕ್ಕ ತಂಗಿ ಅಂಗಳದಲ್ಲಿ ನಿಂತು ಬೆರಳು ತೋರಿಸುತ್ತಾ ಮೇಲಿನ ಕಿಟಕಿಗಳನ್ನು ಎಣಿಸುತ್ತಿದ್ದರು. ಇವಳು ಇಣುಕಿದ ಕೂಡಲೇ ಬೆರಳು ಇಳಿಸಿದರು. ಪರದೆ ಎಷ್ಟು ಬೇಕೆಂದು ಆಗಲೇ ಲೆಕ್ಕ ಹಾಕಿರಬೇಕು, ಮನೆಹಾಳಿಯರು.

ಸಾಕ್ಷಿ ಬೇಕಲ್ಲ, ಮನೆಮನೆಗೆ ಹೋದಳು. ಎದುರು ಮನೆಯ ಸೊಸೆಯನ್ನು ಕೇಳಿದಳು, 'ಈಚೆಗೆ ಯಾರಾದ್ರೂ ಬಂದು ನನ್ನ ವಿಷಯ ಕೇಳಿದ್ರಾ?'

'ಗೊತ್ತಿಲ್ಲಕ್ಕ.'

'ಬ್ಯಾಗಿಗೆ ಪಿನ್ನು ಹಾಕ್ಕೊಂಡಿದ್ದವಳು?'

'ನೋಡಿಲ್ಲಕ್ಕ.'

ಗುರುವಿಗೇ ತಿರುಮಂತ್ರ! ಕೊನೆಗೆ ಬಾಯಿ ಬಿಟ್ಟವನು ಡ್ರೈವರ್ ಮಾವ. ಸುತ್ತಮುತ್ತ ನೋಡಿ, ಅವಳ ಕಿವಿಯ ಹತ್ತಿರ ಬಂದು, ಬಹುಮಾನ ಗೆದ್ದವನಂತೆ ಹೇಳಿದ. 'ಬಂದಿದ್ಲು ಕಣಮ್ಮ. ಮೂರು ಸಲ ಬಂದ್ಲು. ಮೇಲಿನ ಮನೆಗೆ ಬೀಗ ಹಾಕಿ ವರ್ಷಗಳೇ ಆಯ್ತು, ಅಲ್ಲಿ ಜೇಡ ಬಿಟ್ರೆ ಯಾರೂ ಇಲ್ಲ ಅಂದೆ. ಹೆಂಗೆ?'

ಜಿಪ್ಪಕ್ಕ ನೋಟಿಸು ತೆಗೆದು ಅವನ ಮುಂದೆ ಹಿಡಿದಳು. 'ಮಾವ, ಅವಳು ಮಂಡಳಿಯವಳು. ನಾನಿಲ್ಲಿ ಇದ್ದೀನಾ ಅಂತ ನೋಡೋಕೆ ಬಂದಿದ್ಲು.'

'ಅಯ್ಯೋ, ಹಂಗಂತ ಅವಳೂ ಹೇಳಿದ್ಲು. ನಾನು ನಂಬ್ಲಿಲ್ಲ. ನಂಬಬೇಡಿ ಅಂತ ನೀನೇ ತಾನೇ ಹೇಳಿಕೊಟ್ಟಿದ್ದು?'

'ಮತ್ತೆ ಲಾಂಡ್ರಿಯವಳು ಏನಂದ್ಲು?'

'ಅವಳೂ ಅದನ್ನೇ ಅಂದ್ಲು. ನನಗಿಂತ ಚೆನ್ನಾಗಿ ಅಂದ್ಲು.'

ಮಾಡಿದ್ದುಣ್ಣೋ ಮಹರಾಯ ಎಂದು ಬೇರೆಯವರಾದರೆ ಸುಮ್ಮನಾಗುತ್ತಿದ್ದರು. ಜಿಪ್ಪಕ್ಕನ ಅನುಮಾನ ಅಷ್ಟಕ್ಕೆ ಸಾಯುವಂಥದ್ದಲ್ಲ. ಮಿಕ್ಕವರು ನಿಯತ್ತಿನಿಂದ ಸುಳ್ಳು ಹೇಳಿದರು, ಒಪ್ಪೋಣ. ಲಾಂಡ್ರಿಯವಳಿಗೆ ತನ್ನ ಮೇಲೆ ಯಾವ ನಿಯತ್ತು? ಅದೇ ಸುಳ್ಳು ಅವಳ ಬಾಯಲ್ಲಿ ಬೇರೆಯೇ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಮರುದಿನ ಮಂಡಳಿಯ ಕಚೇರಿಗೆ ಹೋದಳು. ಮೇಜಿನ ಆಚೆ ಅದೇ ಸಣಕಲು ಹೆಂಗಸು, ಪಕ್ಕದಲ್ಲಿ ಅದೇ ಪಿನ್ನಿನ ಬ್ಯಾಗು. ನೀವು ಬಂದಾಗ ನಾನು ಮನೆಯಲ್ಲೇ ಇದ್ದೆ ಎಂದಳು ಜಿಪ್ಪಕ್ಕ. 'ಒಳಗೇ ಇದ್ರಾ? ಮತ್ತೆ ಯಾಕಮ್ಮ ಬಾಗಿಲು ತೆಗೀಲಿಲ್ಲ?' ಎಂದು ಕೇಳಿದಳು ಮೇಡಂ.

'ನೀವು ನೀರು ಕೇಳಿದ್ರಿ,' ಎಂದಳು ಜಿಪ್ಪಕ್ಕ. ಬ್ಯಾಗಿನ ಜಿಪ್ಪು ಸರಿಮಾಡಿಕೊಡುತ್ತೇನೆ ಎನ್ನಲು ಬಾಯಿ ತೆರೆದಳು. ಲಂಚ ಎಂದು ಅನುಮಾನಪಟ್ಟರೆ? ಬಾಯಿ ಮುಚ್ಚಿದಳು.

ಮೇಡಂ ನಿಟ್ಟುಸಿರಿಟ್ಟಳು. 'ಗುರುವಾರ ಇನ್ನೊಂದೇ ಒಂದು ಸಲ ಬರ್ತೀನಿ. ನೀವು ಅಮ್ಮನ ಜೊತೆಗೆ ಅಲ್ಲೇ ಇದ್ರಿ ಅಂತ ಕಟ್ಟಡದವರು ಇಬ್ಬರು ಹೇಳ್ಬೇಕು. ಹೇಳ್ಲಿಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ.'

ಜಿಪ್ಪಕ್ಕ ಮತ್ತೆ ಮೆಟ್ಟಿಲು ಹತ್ತಿಳಿದಳು. 'ಈ ಸಲ ನಿಜ ಹೇಳಿ' ಎಂದು ಎಲ್ಲರಿಗೂ ಹೇಳಿದಳು. ಎದುರು ಮನೆಯ ಸೊಸೆ, ಯಾರೋ ಇವಳನ್ನು ಹೆದರಿಸಿ ಹೀಗೆ ಹೇಳಿಸುತ್ತಿದ್ದಾರೆ ಎಂದು ತಿಳಿದು ಮರುಕದಿಂದ ನೋಡಿದಳು. ಡ್ರೈವರ್ ಮಾವ 'ಆಗ್ಲಮ್ಮ, ನಿಜಾನೇ ಹೇಳೋಣ' ಎಂದು ಕಣ್ಣು ಹೊಡೆದ. ಲಾಂಡ್ರಿಯವಳ ಬಾಗಿಲ ಮುಂದೆ ಜಿಪ್ಪಕ್ಕ ತುಂಬಾ ಹೊತ್ತು ನಿಂತಳು. ತಟ್ಟಲಿಲ್ಲ. ಹಾವಿನ ಮುಂದೆ ಹೋಗಿ ಕಚ್ಚಬೇಡ ಎಂದು ಕೇಳಿಕೊಳ್ಳುವುದು ಯಾವ ಜಾಣತನ?

ಗುರುವಾರ ಮೇಡಂ ಬಂದಳು. ಜಿಪ್ಪಕ್ಕ ಕೆಳಬಾಗಿಲಲ್ಲೇ ಕಾದಿದ್ದು ಕರೆತಂದಳು. ಮೊದಲು ಡ್ರೈವರ್ ಮಾವನ ಮನೆ.

'ಇವರು ಗೊತ್ತಾ ನಿಮಗೆ?'

ಮಾವ ಕನ್ನಡಕ ಸರಿಮಾಡಿಕೊಂಡು ಜಿಪ್ಪಕ್ಕನನ್ನು ಅಡಿಯಿಂದ ಮುಡಿವರೆಗೆ ನೋಡಿದ. 'ಈಯಮ್ಮನಾ? ಇವತ್ತೇ ಮೊದಲು ನೋಡ್ತಿರೋದು.' ಮೇಡಂ ತಲೆ ತಗ್ಗಿಸಿ ಬರೆದುಕೊಳ್ಳುವಾಗ, ಹೆದರಬೇಡ ಎನ್ನುವಂತೆ ಕೈಸನ್ನೆ ಬೇರೆ ಮಾಡಿದ. ಜಿಪ್ಪಕ್ಕನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಎದುರು ಮನೆಯ ಸೊಸೆ ಬಾಗಿಲನ್ನೇ ತೆಗೆಯಲಿಲ್ಲ. ಒಳಗಿನಿಂದ 'ಇಲ್ಲಿ ಯಾರೂ ಇಲ್ಲ' ಎಂದಳು.

ಉಳಿದದ್ದು ಲಾಂಡ್ರಿಯವಳು. ಮೇಡಂ ಮೂರು ಸಲ ತಟ್ಟಿದ ಮೇಲೆ ಬಾಗಿಲು ತೆರೆಯಿತು. ನಿದ್ದೆಗಣ್ಣು, ಕೆದರಿದ ಕೂದಲು. ಮೇಡಂ ಕೇಳಿದಳು, 'ನಿಮ್ಮ ಮೇಲಿನ ಮನೇಲಿ ಯಾರಿದ್ದಾರೆ?'

ಲಾಂಡ್ರಿಯವಳು ಮೇಡಂನ ಬ್ಯಾಗು ನೋಡಿದಳು, ಜಿಪ್ಪಕ್ಕನ ಮುಖ ನೋಡಿದಳು. 'ಯಾರೂ ಇಲ್ಲ,' ಎಂದಳು.

ಅಷ್ಟು ದಿನ ತಡೆದಿಟ್ಟದ್ದು ಜಿಪ್ಪಕ್ಕನೊಳಗೆ ಕಟ್ಟೆಯೊಡೆಯಿತು. 'ಯಾರೂ ಇಲ್ವಾ? ಹಂಗಾದ್ರೆ ದಿನಾ ಕೋಲು ತಗೊಂಡು ಯಾರಿಗೇ ಕುಟ್ತೀಯ, ದೆವ್ವಕ್ಕಾ?'

'ದೆವ್ವ ಆಗಿದ್ರೆ ಅಮಾವಾಸ್ಯೆಗೊಂದು ಸಲ ಕಾಟ ಕೊಡ್ತಿತ್ತು!' ಲಾಂಡ್ರಿಯವಳ ನಿದ್ದೆ ಹಾರಿತು. 'ರಾತ್ರಿಯೆಲ್ಲ ರೋಗಿಗಳ ಹಾಸಿಗೆ ಬಟ್ಟೆ ಒಗೆದು ಬಂದು ಕಣ್ಣು ಮುಚ್ಚಿದ್ರೆ ನಿನ್ನ ಟಕ್ ಟಕ್. ನೀನು ಹಿಂಡದೆ ಹಾಕಿದ ಸೀರೆಯಿಂದ ನನ್ನ ಒಣಗಿದ ಬಟ್ಟೆ ಮೇಲೆಲ್ಲ ನೀರು. ಎಷ್ಟು ವರ್ಷ ಅನುಭವಿಸಿದ್ದೀನಿ ಗೊತ್ತಾ?'

'ಕೇಳೋ ಬಾಯಿ ಇರ್ಲಿಲ್ವಾ ನಿನಗೆ?'

'ಕೇಳೋಣ ಅಂತಾನೇ ಎಷ್ಟೋ ಸಲ ಅರ್ಧ ಮೆಟ್ಟಿಲು ಹತ್ತಿದ್ದೀನಿ. ಒಳಗೆ ನಿಮ್ಮಮ್ಮ ಕೆಮ್ಮೋರು. ನೀನು ಸುತ್ತಿಗೆ ಬಿಸಾಕಿ ಓಡೋ ಸದ್ದು, ನೀರು ಕಾಯಿಸೋ ಸದ್ದು, “ಒಂದು ಗುಟುಕು ಅಮ್ಮ, ಒಂದೇ ಗುಟುಕು” ಅಂತ ನೀನು ಅಂಗಲಾಚೋದು. ಕೇಳಿಸ್ಕೊಂಡು ಹಂಗೇ ಇಳಿದು ಬರ್ತಿದ್ದೆ.' ಅವಳ ದನಿ ಇಳಿಯಿತು. 'ಆಮೇಲೆ ಒಂದಿನ ಕೆಮ್ಮು ನಿಂತುಹೋಯ್ತು. ಸುತ್ತಿಗೆ ಸದ್ದೂ ಇಲ್ಲ. ಅವತ್ತು ಅಷ್ಟು ನಿಶ್ಶಬ್ದ ಇದ್ರೂ ನಂಗೆ ನಿದ್ದೆ ಬರ್ಲಿಲ್ಲ.'

ಅಮ್ಮನ ಕೊನೆಯ ದಿನಗಳನ್ನು ತಾನೊಬ್ಬಳೇ ಕಳೆದೆ ಎಂದು ಜಿಪ್ಪಕ್ಕ ತಿಳಿದಿದ್ದಳು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ತೋಚಲಿಲ್ಲ.

ಮೇಡಂ ಬರೆಯುವುದನ್ನು ನಿಲ್ಲಿಸಿರಲಿಲ್ಲ. 'ಒಬ್ಬರಾಯ್ತು. ಇನ್ನೊಬ್ಬರು ಬೇಕು,' ಎಂದಳು.

ಜಗಳದ ಸದ್ದಿಗೆ ಡ್ರೈವರ್ ಮಾವ ಮೆಟ್ಟಿಲ ಬಳಿ ಬಂದು ನಿಂತಿದ್ದ. ಗಾಬರಿಯಿಂದ ಜಿಪ್ಪಕ್ಕನನ್ನು ನೋಡಿದ. 'ಹಂಗಾದ್ರೆ... ನಿಜವಾಗ್ಲೂ ನಿಜ ಹೇಳ್ಬೇಕಾ?'

'ಹೇಳು ಮಾವ. ನಿನ್ನ ಕಾಲಿಗೆ ಬೀಳ್ತೀನಿ.'

'ಈಯಮ್ಮ ಇಲ್ಲೇ ಇರೋದು ಮೇಡಂ,' ಎಂದ ಮಾವ. 'ನಮಗೆಲ್ಲ ಸುಳ್ಳು ಹೇಳೋದು ಕಲಿಸಿದ್ದೇ ಈಯಮ್ಮ.' ಮೇಡಂ ಅದರಲ್ಲಿ ಮೊದಲರ್ಧವನ್ನಷ್ಟೇ ಬರೆದುಕೊಂಡಳು.

ಕೆಲವು ವಾರಗಳಲ್ಲಿ ಮನೆ ಜಿಪ್ಪಕ್ಕನ ಹೆಸರಿಗಾಯಿತು. ಬದುಕಿರುವವರೆಗೆ ಅವಳನ್ನು ಅಲ್ಲಿಂದ ಯಾರೂ ಸುಮ್ಮಸುಮ್ಮನೆ ಎಬ್ಬಿಸುವಂತಿಲ್ಲ. ಆದೇಶ ಕೈಗೆ ಬಂದ ಮೇಲೆಯೇ ಮೇಡಂನ ಜಿಪ್ಪು ಸರಿಮಾಡಿದ್ದು, ಅದೂ ಎಲ್ಲರ ಎದುರಿಗೆ, ಪೂರ್ತಿ ಕೂಲಿ ತೆಗೆದುಕೊಂಡು. ಯಾರೂ ಬೆರಳು ತೋರಿಸಬಾರದಲ್ಲ.

ಒಂದು ಅನುಮಾನ ಮಾತ್ರ ಉಳಿದಿತ್ತು. ನಲ್ಲಿಯ ಹತ್ತಿರ ಲಾಂಡ್ರಿಯವಳು ಸಿಕ್ಕಾಗ ಕೇಳಿಯೇಬಿಟ್ಟಳು. 'ನೀನೂ ನಿನ್ನ ತಂಗೀನೂ ನಮ್ಮನೆ ಕಿಟಕಿ ಎಣಿಸ್ತಿದ್ರಲ್ಲ, ಯಾಕೆ?'

'ಯಾವ ಕಿಟಕಿಯಿಂದ ಆ ದರಿದ್ರ ಸದ್ದು ಬರೋದು ಅಂತ ತೋರಿಸ್ತಿದ್ದೆ.'

'ಅಷ್ಟೇನಾ?'

'ಅಷ್ಟೇ.'

ಅಷ್ಟೇ ಆಗಿರಲಿಕ್ಕಿಲ್ಲ ಎಂದು ಜಿಪ್ಪಕ್ಕನಿಗೆ ಅನ್ನಿಸಿತು. ಆದರೂ ಮನೆಗೆ ಬಂದವಳು ಹಳೆಯ ಸೂಟ್‌ಕೇಸಿನ ಸ್ಪಂಜು ಕತ್ತರಿಸಿ, ಎರಡು ಮಡಿಕೆ ಮಾಡಿ ಕಬ್ಬಿಣದ ತುಂಡಿನ ಕೆಳಗೆ ಹಾಸಿದಳು. ಸುತ್ತಿಗೆಯ ಸದ್ದು ಅವಳ ಕಿವಿಗೇ ಸರಿಯಾಗಿ ಕೇಳಿಸದಷ್ಟು ಕುಗ್ಗಿತು.

ಮರುದಿನ ಮಧ್ಯಾಹ್ನ, ಅದರ ಮರುದಿನ ಮಧ್ಯಾಹ್ನ ಹಾಗೆಯೇ ಕೆಲಸ ನಡೆಯಿತು. ಮೂರನೆಯ ದಿನ ರನ್ನರೊಂದನ್ನು ಬಿಗಿ ಮಾಡುತ್ತಿದ್ದಾಗ ಕೆಳಗಿನಿಂದ ಕೋಲಿನ ಸದ್ದು ಬಂತು. ಧಡ್ ಧಡ್ ಅಲ್ಲ. ಮೆಲ್ಲಗೆ ಎರಡು ಸಲ, ಬಾಗಿಲು ತಟ್ಟುವಂತೆ. ಜಿಪ್ಪಕ್ಕ ಕಿವಿಗೊಟ್ಟು ಕುಳಿತಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎರಡು ಸಲ. ಏನು ಉಪಾಯವೋ ಇವಳದು ಎಂದು ಅಭ್ಯಾಸಬಲದಿಂದ ಯೋಚಿಸಿದಳು. ಆಮೇಲೆ ಅರ್ಥವಾಯಿತು: ಮೂರು ದಿನದಿಂದ ಸದ್ದಿಲ್ಲ, ಒಳಗೆ ಇದ್ದೀಯಾ ಎಂದು ಕೇಳುತ್ತಿದ್ದಾಳೆ.

ಸ್ಪಂಜನ್ನು ಪಕ್ಕಕ್ಕೆ ಸರಿಸಿ, ಬರಿಯ ಕಬ್ಬಿಣದ ಮೇಲೆ ಒಂದು ಏಟು ಜೋರಾಗಿ ಹೊಡೆದಳು. ಕೆಳಗಿನಿಂದ ಲಾಂಡ್ರಿಯವಳ ಬೈಗುಳ ಕೇಳಿಸಿತು. ಜಿಪ್ಪಕ್ಕ ಸ್ಪಂಜನ್ನು ಮತ್ತೆ ಒಳಗೆ ತೂರಿಸಿ ಕೆಲಸ ಮುಂದುವರಿಸಿದಳು.