ಹೈಪೋ ಎಂದರೆ ಕಮ್ಮಿ

ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದೆ. ಎದ್ದೆ. ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ಕೆನ್ನೆ ನೆಲಕ್ಕೆ ಒತ್ತಿಕೊಂಡಿತ್ತು.

ಎಷ್ಟು ಹೊತ್ತು ಬಿದ್ದಿದ್ದೆನೋ, ಹೇಳುವವರು ಯಾರೂ ಇರಲಿಲ್ಲ.

ನನಗೆ ಐವತ್ಮೂರು. ಚೆನ್ನೈನ ಕ್ರೋಂಪೇಟೆಯಲ್ಲಿ ಮನೆ, ವಿಮಾ ಕಚೇರಿಯಲ್ಲಿ ಕೆಲಸ. ಮಕ್ಕಳಿಲ್ಲ. ಯಜಮಾನರು ಹೋಗಿ ಎರಡು ವರ್ಷ. ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ಚೀಟಿಯಲ್ಲಿ ಏನೋ ಗೀಚಿ, ಬ್ಲಡ್ ಟೆಸ್ಟ್ ಮಾಡಿಸಿಕೊಂಡು ಬನ್ನಿ ಎಂದರು. ಸುತ್ತುತ್ತಿದ್ದ ತಲೆಗೆ ‘ಟೆನ್ಷನ್’ ಎಂಬುದಷ್ಟೇ ಕೇಳಿಸಿತ್ತು.

ಮೈಸೂರಿನ ಅಕ್ಕನಿಗೆ ಫೋನ್ ಮಾಡಿದೆ. ಬಿದ್ದದ್ದನ್ನು ಹೇಳಲಿಲ್ಲ.

"ಸ್ವಲ್ಪ ತಲೆ ಸುತ್ತು. ಹೈಪರ್‌ಟೆನ್ಷನ್ ಅಂತೆ."

"ಅಪ್ಪಂಗೂ ಅದೇ ಅಲ್ವೇನೇ? ಇವತ್ತಿಂದ್ಲೇ ಉಪ್ಪು ಬಿಟ್ಬಿಡು."

ಅಪ್ಪ ಸ್ಟ್ರೋಕ್ ಆಗಿ ಹೋದವರು. ಹೆದರಿ ಉಪ್ಪು ಬಿಟ್ಟೆ. ಬೇರೆ ಯಾರಿಗೂ ಅಡುಗೆ ಮಾಡಬೇಕಿರಲಿಲ್ಲವಾದ್ದರಿಂದ ಬಿಡುವುದು ಸುಲಭವಾಯಿತು. ಸಪ್ಪೆ ಸಾರನ್ನ ಉಣ್ಣುತ್ತಾ, ಚೆನ್ನಾಗಿಲ್ಲ ಎಂದು ಮುಖ ಸಿಂಡರಿಸುವವರೂ ಇಲ್ಲವಲ್ಲ ಎನಿಸುತ್ತಿತ್ತು. ದಿನದಿನಕ್ಕೂ ಸುಸ್ತು ಹೆಚ್ಚಿತು. ಬ್ಲಡ್ ಟೆಸ್ಟನ್ನು ಮುಂದೂಡುತ್ತಲೇ ಇದ್ದೆ.

ಹತ್ತನೆಯ ದಿನ ಲೋಕಲ್ ಟ್ರೈನಿನಲ್ಲಿ, ಇಳಿಯಲೆಂದು ಸೀಟಿನಿಂದ ಎದ್ದವಳು ಮತ್ತೆ ಬಿದ್ದೆ.

ಕಣ್ಣು ಬಿಟ್ಟಾಗ ಹೂ ಮಾರುವ ಹೆಂಗಸೊಬ್ಬಳ ಮಡಿಲಲ್ಲಿ ನನ್ನ ತಲೆಯಿತ್ತು. ಏಳಹೋದರೆ ಬಿಡಲಿಲ್ಲ. "ಎಳುಂದಿರಿಕ್ಕಾದೀಂಗಮ್ಮಾ" ಎನ್ನುತ್ತಾ, ಒದ್ದೆ ಕೈಯಿಂದ ಹಣೆ ಸವರುತ್ತಲೇ ಇದ್ದಳು. ಎರಡು ವರ್ಷಗಳಲ್ಲಿ ನನ್ನ ಹಣೆ ಮುಟ್ಟಿದವರಿರಲಿಲ್ಲ. ಅಳು ಬಂತು. ನೋವಿಗೆ ಎಂದುಕೊಂಡಳೋ ಏನೋ.

ಮತ್ತೆ ಅದೇ ಕ್ಲಿನಿಕ್ಕಿಗೆ ಹೋದೆ. ಉಪ್ಪು ಬಿಟ್ಟದ್ದನ್ನು ಕೇಳಿ ಡಾಕ್ಟರು ಪೆನ್ನು ಕೆಳಗಿಟ್ಟರು. ಹಳೆಯ ಚೀಟಿಯ ಮೇಲೆ ಬೆರಳಿಟ್ಟು ತಮಿಳಿನಲ್ಲಿ ನಿಧಾನವಾಗಿ ಹೇಳಿದರು: "ಇದು ಹೈಪೊಟೆನ್ಷನ್. ಹೈಪರ್‌ನಾ ಜಾಸ್ತಿ. ಹೈಪೋನಾ ಕಮ್ಮಿ. ಉಂಗಳುಕ್ಕು ಕಮ್ಮಿ."

ನನಗಿದ್ದದ್ದು ಕಮ್ಮಿ ಬಿಪಿ, ಎದ್ದು ನಿಂತಾಗ ಇಳಿಯುವ ಬಗೆಯಂತೆ. ಉಪ್ಪು ಬಿಡಬಾರದು, ನೀರು ಚೆನ್ನಾಗಿ ಕುಡಿಯಬೇಕು, ದಢಕ್ಕನೆ ಏಳಬಾರದು. ಸ್ವಲ್ಪ ದಿನ ಬೆಳಗ್ಗೆ ಏಳುವಾಗ ಯಾರಾದರೂ ಪಕ್ಕದಲ್ಲಿರಲಿ ಎಂದರು. ತಲೆಯಾಡಿಸಿ ಬಂದೆ.

ಅಂದು ಅಕ್ಕನಿಗೆ ಎಲ್ಲ ಹೇಳಿದೆ.

"ಬಿದ್ದೆ ಅಂತ ಯಾಕೆ ಹೇಳ್ಲಿಲ್ಲ ನಂಗೆ?"



ಮಂಡಿನೋವಿನಿಂದಾಗಿ ಅವಳು ಇಷ್ಟು ದೂರ ಬರಲಾರಳು. ಈಗ ದಿನಾ ಬೆಳಗ್ಗೆ ಆರು ಗಂಟೆಗೆ ಫೋನ್ ಮಾಡುತ್ತಾಳೆ. ಸ್ಪೀಕರ್ ಹಾಕಿ, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತೇನೆ. ಅವಳು ಹಾಲಿನವನನ್ನು, ಮೊಮ್ಮಗಳನ್ನು ಬೈಯುತ್ತಿರುತ್ತಾಳೆ. ಸುಸ್ತು ಪೂರ್ತಿ ಹೋಗಿಲ್ಲ. ಕೆಲವು ದಿನ ಗೋಡೆ ಹಿಡಿಯಬೇಕಾಗುತ್ತದೆ.

"ಎದ್ಯೇನೇ?"

"ತಾಳು."

ಅವಳು ಕಾಯುತ್ತಾಳೆ.

"ನಿಂತೆ ಅಕ್ಕ."