ಹೊಲಿಗೆ ಯಂತ್ರಕ್ಕೆ ಒಂದು ಮತ

ಮೊನ್ನೆ ಟ್ರಂಕಿನ ತಳದಿಂದ ನವಿಲುಬಣ್ಣದ ಬ್ಲೌಸೊಂದನ್ನು ಎತ್ತಿದಾಗ ನುಸಿಗುಳಿಗೆಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಹೊಲಿಗೆ ಯಂತ್ರದ ಎಣ್ಣೆಯದು. ಇಷ್ಟು ವರ್ಷ ಅದೆಲ್ಲಿ ಉಳಿಯುತ್ತದೆ ಎಂದರು ನಮ್ಮ ಯಜಮಾನರು. ಇರಬಹುದು... ನನಗಂತೂ ಬಂತು.

ತೊಂಬತ್ತರ ದಶಕದ ಕೊನೆ. ಖಡಕಿಯ ಕ್ವಾರ್ಟರ್ಸ್ ಬಿಟ್ಟು ಕಾತ್ರಜದ ಆಚೆಯ ಹಳ್ಳಿಯಲ್ಲಿ ಫ್ಲ್ಯಾಟು ಕೊಂಡಿದ್ದೆವು. ಬಾಲ್ಕನಿಯ ಒಂದು ಕಡೆ ಜೋಳದ ಹೊಲ, ಇನ್ನೊಂದು ಕಡೆ ಅರ್ಧ ಎದ್ದ ಸಿಮೆಂಟಿನ ಕಂಬಗಳು. ಕೆಳಗಿನ ಓಣಿಯಲ್ಲಿ ಬ್ಲೌಸು ಹೊಲಿಯುವ ಒಬ್ಬರಿದ್ದರು. ಊರೆಲ್ಲ ಅವರನ್ನು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ತವರು ಅಕ್ಕಲಕೋಟೆ ಕಡೆ. ಅಳತೆಯ ನೆಪದಲ್ಲಿ ಮಧ್ಯಾಹ್ನ ಬಂದು ನನ್ನೊಡನೆ ಬಾಯಿತುಂಬ ಕನ್ನಡ ಆಡಿ ಹೋಗುತ್ತಿದ್ದರು. ಸೆರಗಿಗೆ ಸದಾ ಬಣ್ಣಬಣ್ಣದ ದಾರದ ತುಣುಕುಗಳು ಅಂಟಿಕೊಂಡಿರುತ್ತಿದ್ದವು.

ನಮ್ಮ ಫ್ಲ್ಯಾಟುಗಳಿಗೆ ನಳದ ನೀರು ಬಂದಿತ್ತು. ಅವರ ಓಣಿಯ ಹೆಂಗಸರು ಇನ್ನೂ ಬಾವಿಯಿಂದ ಹೊರುತ್ತಿದ್ದರು. ಆ ವರ್ಷ ಗ್ರಾಮ ಪಂಚಾಯತಿಯ ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು. ಊರ ದೊಡ್ಡ ಮನೆಯವರು ತಮ್ಮ ಸೊಸೆಯನ್ನು ನಿಲ್ಲಿಸಿದರು. ಮಾವಶಿಯನ್ನು ಯಾರೂ ನಿಲ್ಲಿಸಲಿಲ್ಲ, ತಾವೇ ನಿಂತರು.

“ಗೆದ್ರ ಮದಲ ಓಣಿಗೆ ನಳ ತರ್ತೀನ್ರಿ ಅಕ್ಕಾರ. ಸೋತ್ರ ಟೇಪು ಅದ, ಕತ್ತರಿ ಅದ!”

ಚುನಾವಣೆಯ ಗುರುತಾಗಿ ಹೊಲಿಗೆ ಯಂತ್ರವೇ ಸಿಕ್ಕಿದಾಗ ಮಗುವಿನಂತೆ ಖುಷಿಪಟ್ಟರು. ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ದುಂಡಕ್ಷರ ನನ್ನದು. ಅವರ ಮರಾಠಿ ಚೀಟಿಗಳನ್ನು ನಾನೇ ಬರೆದೆ. ‘ನಿಮ್ಮ ಅಮೂಲ್ಯ ಮತ’ ಎಂದು ಎಷ್ಟು ಸಲ ಬರೆದೆನೋ... ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಬಂದ ಫ್ಲ್ಯಾಟಿನ ಹೆಂಗಸರೆಲ್ಲ ಮಾವಶಿ ಹೊಲಿದ ಬ್ಲೌಸು ತೊಟ್ಟೇ ಮಾತು ಕೊಟ್ಟರು.

ಮತದಾನದ ದಿನ ಇಸ್ತ್ರಿಯ ಸೀರೆ ಉಟ್ಟು ಶಾಲೆಗೆ ಹೋದೆ. ಪಟ್ಟಿ ಹಿಡಿದವನು ಬೆರಳನ್ನು ಮೇಲಿಂದ ಕೆಳಗೆ ಎಳೆದ, ಮತ್ತೆ ಕೆಳಗಿಂದ ಮೇಲೆ. “ನಾವ ನಾಹೀ, ತಾಈ,” ಎಂದ, ಹೆಸರಿಲ್ಲವೆಂದು.

ಹೆಸರು ಖಡಕಿಯಲ್ಲೇ ಇತ್ತು. ಬದಲಿಸಬೇಕೆಂದು ನನಗೆ ತೋಚಿಯೇ ಇರಲಿಲ್ಲ. ಫ್ಲ್ಯಾಟಿನ ಉಳಿದವರ ಹೆಸರುಗಳೂ ಬೆಳಗಾವಿಯಲ್ಲಿ, ಧಾರವಾಡದಲ್ಲಿ. ಇಲ್ಲಿಯ ನೀರು ಕುಡಿಯುತ್ತ ಹೆಸರನ್ನು ಮಾತ್ರ ಬೇರೆ ಊರಲ್ಲಿ ಇಟ್ಟಿದ್ದೆವು.

ಮಾವಶಿ ಏಳು ಮತಗಳಿಂದ ಸೋತರು.

ನಾಲ್ಕು ದಿನ ಬಿಟ್ಟು, ಕೊರಳಲ್ಲಿ ಟೇಪು ಹಾಕಿಕೊಂಡು ಎಂದಿನಂತೆ ಬಂದರು. ಈ ನವಿಲುಬಣ್ಣದ ಬಟ್ಟೆ ಆಗ ಮೇಜಿನ ಮೇಲಿತ್ತು.

“ಊರ ತುಂಬ ಬ್ಲೌಸು ಹೊಲದು ಏಳು ಓಟಿಗೆ ಬಟ್ಟಿ ಸಾಲಲಿಲ್ಲ ನೋಡ್ರಿ,” ಎಂದು ನಕ್ಕರು. “ಯಾರು ಕೈ ಕೊಟ್ರೋ. ನಿಮ್ಮದೊಂದು ನಂದs ಅಂತ ಗೊತ್ತದ.”

“ಹೌದ್ರಿ ಮಾವಶಿ, ನಿಮಗs ಹಾಕೀನಿ,” ಎಂದೆ.

ಅವರು ನನ್ನ ಎಡತೋಳಿನ ಅಳತೆ ತೆಗೆಯುತ್ತಿದ್ದರು. ನೋಟ ಮೆಲ್ಲನೆ ಮೊಣಕೈಗೆ, ಮಣಿಕಟ್ಟಿಗೆ, ತೋರುಬೆರಳಿಗೆ ಇಳಿಯಿತು. ಅವರ ಉಗುರಿನ ಮೇಲೆ ಶಾಯಿ ಕಪ್ಪಗೆ ಕೂತಿತ್ತು. ನನ್ನದು ತೊಳೆದ ಅಕ್ಕಿಯಂತೆ ಬಿಳುಪು. ಟೇಪು ಒಂದು ಗಳಿಗೆ ಹಾಗೇ ನಿಂತಿತು.

“ತೋಳು ಸ್ವಲ್ಪ ಸಡಿಲ ಇಡ್ತೀನ್ರಿ,” ಎಂದರು. “ಬ್ಯಾಸಿಗಿ ಬರ್ತದ.”

ಅಷ್ಟೇ.

ಮರುವರ್ಷವೇ ಇಲ್ಲಿಯ ಪಟ್ಟಿಗೆ ಹೆಸರು ಹಚ್ಚಿಸಿದೆ. ಮುಂದಿನ ಚುನಾವಣೆಯ ಹೊತ್ತಿಗೆ ಮೀಸಲಾತಿ ಬೇರೆ ವಾರ್ಡಿಗೆ ಹೋಗಿತ್ತು. ನಮ್ಮಲ್ಲಿ ನಿಂತವರು ಬರೀ ಗಂಡಸರು. ಮತ ಹಾಕಿ ಬರುವಾಗ ಮಾವಶಿ ಕೊಡ ಹೊತ್ತು ಎದುರಾದರು.

“ಈ ಸಲ ಬೆರಳು ಕಪ್ಪಾಗೇದಲ್ರಿ ಅಕ್ಕಾರ,” ಎಂದರು. “ನಾನs ನಿಂತಿಲ್ಲ ನೋಡ್ರಿ!” ನಗು ನಿಜವಾದ ನಗುವೇ ಆಗಿತ್ತು. ಕೊಡದ ನೀರು ತುಳುಕಿ ನನ್ನ ಪಾದದ ಮೇಲೆ ಬಿತ್ತು... ತಣ್ಣಗಿತ್ತು. ಆಗಲಾದರೂ ಹೇಳಬಹುದಿತ್ತು.

ಆಮೇಲೆ ರಸ್ತೆ ಅಗಲವಾಯಿತು, ಓಣಿ ಹೋಯಿತು. ಮಾವಶಿ ತವರಿಗೆ ಹೋದರೆಂದೂ ಅಲ್ಲೇ ತೀರಿಕೊಂಡರೆಂದೂ ಹಾಲಿನವನ ಬಾಯಿಂದ ಕೇಳಿದೆ. ಓಣಿಗೆ ನಳ ಬರಲೇ ಇಲ್ಲ.

ಬ್ಲೌಸು ಈಗ ಬಿಗಿ. ತಿರುವಿ ನೋಡಿದರೆ ತೋಳಿನ ಒಳಗೆ, ಎರಡೂ ಕಡೆ, ಮಾವಶಿ ಎರಡು ಬೆರಳಗಲ ಬಟ್ಟೆ ಬಿಟ್ಟಿದ್ದಾರೆ, ಮುಂದೆ ಬೇಕಾದೀತೆಂದು. ಹೊಲಿಗೆ ಬಿಚ್ಚಲು ಬ್ಲೇಡು ಹಿಡಿದು ಬಹಳ ಹೊತ್ತು ಕೂತೆ. ಆಗಲಿಲ್ಲ. ಮಡಚಿ ಮತ್ತೆ ಟ್ರಂಕಿಗೆ ಇಟ್ಟೆ.